ಲಕ್ಷದ್ವೀಪದಲ್ಲಿ ಕಡಲ ಹುಲ್ಲಿನ ನಕ್ಷೆ: ನೀರಿನೊಳಗಿನ ಫೋಟೋಗ್ರಾಮೆಟ್ರಿ ಬಗ್ಗೆ ಸಲಹೆ ಬೇಕು

ಮಂಗಳೂರು_ಅಲೆ:
ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಮೀನುಗಾರಿಕೆ ವಿಜ್ಞಾನ ಓದುತ್ತಿದ್ದೇನೆ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ನಮ್ಮ ಸಣ್ಣ ತಂಡ ಲಕ್ಷದ್ವೀಪದ ಕಡಮತ್‌ಗೆ ಹೋಗುವುದಿದೆ. ಅನುಮತಿಗೆ ಅರ್ಜಿ ಹಾಕಿದ್ದೇವೆ. ಅಲ್ಲಿನ ಲಗೂನಿನಲ್ಲಿ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು) ಕಡಲ ಹುಲ್ಲು ಎಲ್ಲಿ ಉಳಿದಿದೆ, ಎಲ್ಲಿ ಹೋಗಿದೆ, ಎಲ್ಲಿ ಮತ್ತೆ ಚಿಗುರುತ್ತಿದೆ ಎಂದು ನಕ್ಷೆ ಮಾಡುವುದು ನಮ್ಮ ಕೆಲಸ. ಗೊತ್ತಿಲ್ಲದವರಿಗೆ ಒಂದು ಮಾತು: ಕಡಲ ಹುಲ್ಲು ಪಾಚಿ ಅಲ್ಲ. ಬೇರು, ಎಲೆ, ಹೂವು ಎಲ್ಲ ಇರುವ ಗಿಡ. ಆಳವಿಲ್ಲದ ನೀರಿನಲ್ಲಿ ಮರಳಿನ ಮೇಲೆ ಹಬ್ಬುತ್ತದೆ.

ನೀರಿನೊಳಗೆ ಓವರ್‌ಲ್ಯಾಪ್ ಆಗುವಂತೆ, ಅಂದರೆ ಒಂದರ ಭಾಗ ಇನ್ನೊಂದರಲ್ಲೂ ಬರುವಂತೆ, ನೂರಾರು ಫೋಟೋ ತೆಗೆದು, ಅವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ತಳದ 3ಡಿ ಮಾದರಿ ಮತ್ತು ಒಂದೇ ದೊಡ್ಡ ಚಿತ್ರ ಮಾಡಬಹುದು ಎಂದು ಓದಿದ್ದೇನೆ. ಇದಕ್ಕೇ ಫೋಟೋಗ್ರಾಮೆಟ್ರಿ ಎನ್ನುತ್ತಾರೆ. ನಮ್ಮ ಹತ್ತಿರ ಎರಡು ಗೋಪ್ರೋ ಕ್ಯಾಮೆರಾ ಇವೆ. ಸ್ಕೂಬಾ ಇಲ್ಲ, ಸ್ನಾರ್ಕೆಲ್ ಮಾತ್ರ. ಇಡೀ ಲಗೂನನ್ನು ಹೀಗೆ ಮಾಡೋಣ ಎಂದು ತಂಡದಲ್ಲಿ ಕೆಲವರ ಆಸೆ. ಆಗುತ್ತಾ? ಎಲೆಗಳು ಅಲೆಗೆ ಓಲಾಡುತ್ತಲೇ ಇರುತ್ತವಲ್ಲ, ಅದನ್ನು ಸಾಫ್ಟ್‌ವೇರ್ ಹೇಗೆ ತಡೆದುಕೊಳ್ಳುತ್ತದೆ? ಮಾಡಿ ಗೊತ್ತಿರುವವರು ಹೇಳಿ.

ನಕ್ಷೆಗಾರ:
ಇಡೀ ಲಗೂನ್ ಆಗುವುದಿಲ್ಲ. ಯಾಕೆ ಎಂದು ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ.

ಕ್ಯಾಮೆರಾ ತಳದಿಂದ ಒಂದೂವರೆ ಮೀಟರ್ ಮೇಲಿದೆ ಅಂದುಕೊಳ್ಳಿ. ಒಂದು ಫೋಟೋದಲ್ಲಿ ಹೆಚ್ಚುಕಡಿಮೆ 2 ಮೀಟರ್ ಅಗಲ, 1.5 ಮೀಟರ್ ಉದ್ದದ ತಳ ಕಾಣುತ್ತದೆ. ಅಗಲದಲ್ಲಿ 4000 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್ ಅಂದರೆ ಅರ್ಧ ಮಿಲಿಮೀಟರ್. ಯಾವ ಉಪಗ್ರಹವೂ ಇದರ ಹತ್ತಿರ ಸುಳಿಯುವುದಿಲ್ಲ. ಈಗ ಜೋಡಣೆ ಸರಿಯಾಗಬೇಕಾದರೆ ಮುಂದಕ್ಕೆ 80 ಶೇಕಡ, ಪಕ್ಕಕ್ಕೆ 65ರಿಂದ 70 ಶೇಕಡ ಓವರ್‌ಲ್ಯಾಪ್ ಬೇಕು. ಅಂದರೆ 30 ಸೆಂಟಿಮೀಟರಿಗೊಂದು ಫೋಟೋ, 65 ಸೆಂಟಿಮೀಟರಿಗೊಂದು ಸಾಲು. 10 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಪ್ಲಾಟಿಗೆ ಸುಮಾರು 15 ಸಾಲು, 500 ಫೋಟೋ. ಅಡ್ಡಕ್ಕೂ ಒಂದು ಸುತ್ತು ಈಜಬೇಕು, ಅದು ಯಾಕೆ ಎಂದು ಆಮೇಲೆ ಹೇಳುತ್ತೇನೆ. ಅಲ್ಲಿಗೆ 1000 ಫೋಟೋ. ಸೆಕೆಂಡಿಗೆ 30 ಸೆಂಟಿಮೀಟರ್ ವೇಗದಲ್ಲಿ ನಿಧಾನವಾಗಿ ಈಜಿದರೆ 17 ನಿಮಿಷ. ಇಷ್ಟು ಆರಾಮಾಗಿ ಆಗುತ್ತದೆ.

ಇದನ್ನೇ ಒಂದು ಚದರ ಕಿಲೋಮೀಟರಿಗೆ ಹಿಗ್ಗಿಸಿ. 10,000 ಪ್ಲಾಟ್. ಒಂದು ಕೋಟಿ ಫೋಟೋ. ಹಾಗಾಗಿ ಈ ವಿಧಾನ ಇರುವುದು ಇಡೀ ಲಗೂನಿಗಲ್ಲ, ಆಯ್ದ ಕೆಲವು ಜಾಗಕ್ಕೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಲಿಕ್ಕೆ. ಇದರ ಶಕ್ತಿ ಇರುವುದೇ ಆ ಮರುಭೇಟಿಯಲ್ಲಿ. ಒಂದೇ ಸಲ ಮಾಡಿ ಬಿಡುವುದಾದರೆ ಚಂದದ ಚಿತ್ರ ಸಿಗುತ್ತದೆ, ಅಷ್ಟೆ.

ಕೋಡ್_ಕೊಡಗು:
ಹಾಗಾದರೆ ಸುಮ್ನೆ ಡ್ರೋನ್ ಹಾರಿಸಿದರೆ ಮುಗೀತಲ್ಲ? ಲಕ್ಷದ್ವೀಪದ ನೀರು ಗಾಜಿನಂತೆ ತಿಳಿ. ಮೇಲಿಂದಲೇ ಹುಲ್ಲು ಕಾಣುತ್ತದೆ.

ನಕ್ಷೆಗಾರ:
ಕಾಣುತ್ತದೆ, ನಿಜ. ದಟ್ಟ ಹುಲ್ಲು ಮರಳಿನ ನಡುವೆ ಕಪ್ಪಗೆ ಎದ್ದು ಕಾಣುತ್ತದೆ. ಆದರೆ ತೆಳುವಾದ ಹುಲ್ಲು, ಮರಳಿನ ಮೇಲಿನ ಪಾಚಿ, ಸತ್ತ ಹವಳದ ಚೂರು, ಇವೆಲ್ಲ ಮೇಲಿಂದ ಒಂದೇ ಬಣ್ಣ. ಯಾವ ಜಾತಿಯ ಹುಲ್ಲು ಎಂದಂತೂ ತಿಳಿಯುವುದಿಲ್ಲ. ಡ್ರೋನಿಗೆ ಬೇರೆ ಅನುಮತಿಯೂ ಬೇಕು.

ಉಪಗ್ರಹ, ಡ್ರೋನ್, ನೀರಿನೊಳಗಿನ ಕ್ಯಾಮೆರಾ, ಮೂರನ್ನೂ ಒಂದರ ಮೇಲೊಂದು ಇಟ್ಟು ಯೋಚಿಸಿ. ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತ, ಅದರ ಪಿಕ್ಸೆಲ್ 10 ಮೀಟರಿನದು. ನಿಮ್ಮ ಪ್ಲಾಟ್ ಪೂರ್ತಿ ಅದರಲ್ಲಿ ಒಂದೇ ಒಂದು ಚುಕ್ಕೆ! ಆ ಚುಕ್ಕೆಯೊಳಗೆ ನಿಜಕ್ಕೂ ಏನಿದೆ ಎಂದು ಹೇಳುವುದು ನಿಮ್ಮ ಫೋಟೋಗಳು. ಆದರೆ ಫೋನಿನ ಜಿಪಿಎಸ್‌ನಲ್ಲಿ ಕೆಲವು ಮೀಟರ್ ತಪ್ಪು ಇದ್ದೇ ಇರುತ್ತದೆ, ಪ್ಲಾಟ್ ಪಕ್ಕದ ಚುಕ್ಕೆಗೆ ಜಾರಬಹುದು. ಅದಕ್ಕೆ ಸುತ್ತಲೂ ಒಂದೇ ಥರ ಹುಲ್ಲಿರುವ ಜಾಗದ ನಡುವೆ ಪ್ಲಾಟ್ ಹಾಕಿ. ಹುಲ್ಲಿನ ಅಂಚಿನ ಮೇಲೆ ಹಾಕುವ ಪ್ಲಾಟ್ ಬೇರೆಯೇ. ಅದನ್ನು ಉಪಗ್ರಹದ ಜೊತೆ ಹೋಲಿಸಬೇಡಿ. ಅಂಚು ಹಿಂದೆ ಸರಿಯಿತೋ ಮುಂದೆ ಬಂತೋ ನೋಡಲಿಕ್ಕೆ ಮಾತ್ರ ಇಟ್ಟುಕೊಳ್ಳಿ.

ಬಂದರಿನವ:
ತಂತ್ರದ ವಿಷಯ ನನಗೆ ಗೊತ್ತಿಲ್ಲ, ಮಾರಾಯ್ರೆ. ದ್ವೀಪದವರ ವಿಷಯ ಸ್ವಲ್ಪ ಗೊತ್ತು. ನಮ್ಮ ಅಜ್ಜನ ಕಾಲದಿಂದ ಮಂಗಳೂರಿನ ಹಳೆ ಬಂದರಿನಲ್ಲಿ ಅವರ ಜೊತೆ ವ್ಯಾಪಾರ. ಕೊಬ್ಬರಿ, ತೆಂಗಿನ ನಾರು, ಒಣಗಿಸಿದ ಸೂರೆ ಮೀನು (ಟ್ಯೂನಾ) ಅಲ್ಲಿಂದ ಬರುವುದು. ಅಕ್ಕಿ, ಸಾಮಾನು ಇಲ್ಲಿಂದ ಹೋಗುವುದು. ಕಡಮತ್, ಅಮಿನಿ, ಕಿಲ್ತಾನ್, ಚೆತ್ಲಾತ್ ಎಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಈಗಿನ ಹುಡುಗರಿಗೆ ಅದು ಗೊತ್ತೇ ಇಲ್ಲ.

ಅಲ್ಲಿ ಹೋಗಿ ಹುಲ್ಲಿನ ಮಾತೆತ್ತಿದರೆ ಆಮೆಯ ಮಾತು ಬಂದೇ ಬರುತ್ತದೆ. ಲಗೂನಿನಲ್ಲಿ ಬಲೆ ಹಾಕುವವರು ಹೇಳುವುದು ಇಷ್ಟು: ಆಮೆ ಜಾಸ್ತಿ ಆಯಿತು, ಹುಲ್ಲು ತಿಂದು ಮುಗಿಸಿತು, ಹುಲ್ಲಿನಲ್ಲಿದ್ದ ಮೀನು ಹೋಯಿತು, ಮೇಲಿಂದ ಬಲೆಯನ್ನೂ ಹರಿಯುತ್ತದೆ. ಆಮೆಯನ್ನು ಮುಟ್ಟುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಅದು ಅವರಿಗೂ ಗೊತ್ತು. ಆದರೆ "ನಾವು ಹೇಳುವುದು ಸುಳ್ಳಾ?" ಎಂದು ಕೇಳುತ್ತಾರೆ. ನೀವು ನಕ್ಷೆ ಮಾಡಿದರೆ ಮೊದಲು ಅವರಿಗೆ ತೋರಿಸಿ. ಮಂಗಳೂರಿಗೆ ಬಂದು ವರದಿ ಬರೆದು ಕಪಾಟಿನಲ್ಲಿ ಇಡಬೇಡಿ.

ಹಸಿರುನೀರು:
ಬಂದರಿನವರು ಹೇಳಿದ್ದು ಈ ಚರ್ಚೆಯಲ್ಲೇ ಮುಖ್ಯವಾದ ಮಾತು. ಮೀನುಗಾರರು ಹೇಳುವುದು ಸುಳ್ಳಲ್ಲ. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಲಕ್ಷದ್ವೀಪದ ಹವಳ ಮತ್ತು ಕಡಲ ಹುಲ್ಲಿನ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಹಸಿರು ಆಮೆಗಳು ದಟ್ಟವಾಗಿ ಸೇರಿದ ಕಡೆ ಹುಲ್ಲುಗಾವಲೇ ಬದಲಾಗುತ್ತದೆ ಎಂದು 2010ರಲ್ಲೇ ಅವರ ಅಧ್ಯಯನ ತೋರಿಸಿತ್ತು. ಅಗತ್ತಿ ದ್ವೀಪದಲ್ಲಿ ಹುಲ್ಲು ತೆಳುವಾದ ಮೇಲೆ ಆಮೆಗಳು ಬೇರೆ ದ್ವೀಪಗಳ ಲಗೂನಿಗೆ ಹೋದವು. ಅಲ್ಲೂ ಅದೇ ಕತೆ. ಹೀಗೆ ಒಂದಾದ ಮೇಲೊಂದು ದ್ವೀಪದ ಹುಲ್ಲು ಮೀನಿಗೆ ಆಸರೆಯಾಗಿ ಉಳಿಯದಷ್ಟು ಕುಸಿಯಿತು ಎಂಬ ಅಧ್ಯಯನ 2021ರಲ್ಲಿ ಬಂತು.

ಇದರಲ್ಲಿ ಆಮೆಯನ್ನು ದೂರುವಂಥದ್ದೇನೂ ಇಲ್ಲ. ಅದು ಒಂದು ಕಾಲದಲ್ಲಿ ಎಣ್ಣೆಗೆ, ಮಾಂಸಕ್ಕೆ ಬೇಟೆಯಾಗಿ ಕಡಿಮೆಯಾಗಿದ್ದ ಪ್ರಾಣಿ. ರಕ್ಷಣೆ ಸಿಕ್ಕಿತು, ಚೇತರಿಸಿಕೊಂಡಿತು. ಆಮೆಯನ್ನು ತಿನ್ನುವ ದೊಡ್ಡ ಶಾರ್ಕ್‌ಗಳು ಈಗ ಎಷ್ಟು ಉಳಿದಿವೆ? ಆಮೆ ಮರಳಿದ್ದು ಸಂತೋಷ, ಹುಲ್ಲು ಹೋದದ್ದು ದುಃಖ, ಎರಡೂ ಒಟ್ಟಿಗೆ ನಿಜ.

ಈಗ ನಿಮ್ಮ ಕ್ಯಾಮೆರಾಕ್ಕೆ ಬರುತ್ತೇನೆ. ಅಲ್ಲಿ ಮುಖ್ಯವಾಗಿ ಕಾಣುವುದು ಥಲಾಸಿಯಾ ಹೆಂಪ್ರಿಚಿ ಮತ್ತು ಸೈಮೋಡೋಸಿಯಾ ರೊಟುಂಡಾಟಾ. ಎರಡೂ ಪಟ್ಟಿಯಂಥ ಎಲೆಯ ಹುಲ್ಲು. ಮೇಯದೆ ಬಿಟ್ಟ ಕಡೆ ಎಲೆ ಉದ್ದವಾಗಿ ಬೆಳೆದು ನೀರಿನಲ್ಲಿ ಓಲಾಡುತ್ತದೆ. ಮೇದ ಕಡೆ ಗಿಡ್ಡ ಬುಡ ಮಾತ್ರ, ನಡುವೆ ಮರಳು ಕಾಣುತ್ತದೆ. ಇಲ್ಲಿ ಒಂದು ದೊಡ್ಡ ಅಪಾಯ ಇದೆ, ಯಾರೂ ಹೇಳಿಕೊಡುವುದಿಲ್ಲ. ಉದ್ದ ಎಲೆ ಒಂದು ಫೋಟೋದಲ್ಲಿ ಎಡಕ್ಕೆ ಬಾಗಿರುತ್ತದೆ, ಮುಂದಿನದರಲ್ಲಿ ಬಲಕ್ಕೆ. ಸಾಫ್ಟ್‌ವೇರಿಗೆ ಒಂದೇ ಬಿಂದು ಎರಡು ಫೋಟೋದಲ್ಲಿ ಸಿಗುವುದೇ ಇಲ್ಲ. ಹಾಗಾಗಿ ದಟ್ಟ ಹುಲ್ಲಿನ ಜಾಗದಲ್ಲಿ ಮಾದರಿ ಮಸುಕಾಗುತ್ತದೆ, ಇಲ್ಲವೇ ತೂತು ಬೀಳುತ್ತದೆ. ಆಮೆ ಮೇದು ಹೋದ ಮೇಲೆ ಅದೇ ಜಾಗದಲ್ಲಿ ಓಲಾಡಲಿಕ್ಕೆ ಏನೂ ಉಳಿದಿರುವುದಿಲ್ಲ. ಮಾದರಿ ಬಹಳ ಚೆನ್ನಾಗಿ ಬರುತ್ತದೆ!

ಅಂದರೆ ಹುಲ್ಲು ಚೆನ್ನಾಗಿದ್ದಾಗ ನಕ್ಷೆ ಕೆಟ್ಟದಾಗಿ, ಹುಲ್ಲು ಹಾಳಾದಾಗ ನಕ್ಷೆ ಚೆನ್ನಾಗಿ ಬರುತ್ತದೆ. ಎರಡು ವರ್ಷದ ಎರಡು ಚಿತ್ರ ಪಕ್ಕಪಕ್ಕ ಇಟ್ಟು ಹಸಿರು ಪಿಕ್ಸೆಲ್ ಎಣಿಸಿದರೆ ತೂತುಬಿದ್ದ ಜಾಗವನ್ನೆಲ್ಲ ಕಂಪ್ಯೂಟರ್ "ಹುಲ್ಲಿಲ್ಲ" ಎಂದು ಓದಿಬಿಡಬಹುದು. ಅದಕ್ಕೆ "ಮಾದರಿ ಕೂಡಲಿಲ್ಲ" ಎಂಬುದನ್ನೇ ಒಂದು ಪ್ರತ್ಯೇಕ ವರ್ಗವಾಗಿ ಇಡಿ. ಖಾಲಿ ಜಾಗ ಎಂದು ಬರೆಯಬೇಡಿ. ಅದೇ ದಿನ, ಅದೇ ಪ್ಲಾಟಿನಲ್ಲಿ ಸ್ಕೇಲ್ ಹಿಡಿದು ಎಲೆಯ ಉದ್ದ ಅಳೆಯಿರಿ. ಇದನ್ನು ಬಿಟ್ಟರೆ ಉಳಿದ ಕೆಲಸಕ್ಕೆ ಬೆಲೆ ಇಲ್ಲ ಎಂದೇ ನನ್ನ ಅಭಿಪ್ರಾಯ.

ಮಂಗಳೂರು_ಅಲೆ:
ಹಸಿರುನೀರು ಮೇಡಂ, ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. 3ಡಿ ಮಾದರಿಯಿಂದಲೇ ಹುಲ್ಲಿನ ಎತ್ತರ ಸಿಗುತ್ತದೆ, ಸ್ಕೇಲ್ ಯಾಕೆ ಎಂದು ಯೋಚಿಸುತ್ತಿದ್ದೆವು.

ಹಸಿರುನೀರು:
ಹವಳದ ಎತ್ತರ ಸಿಗುತ್ತದೆ, ಅದು ಕದಲುವುದಿಲ್ಲ. ಹುಲ್ಲಿನದು ಸಿಗುವುದಿಲ್ಲ. ಬಾಗಿದ ಎಲೆಯ ಮೇಲ್ಮೈ ಎಲ್ಲೋ ನಡುವೆ ಬರುತ್ತದೆ. ಆ ಸಂಖ್ಯೆ ಅಂದಿನ ಅಲೆಯದ್ದು, ಗಿಡದ್ದಲ್ಲ.

ಇನ್ನೊಂದು ವಿಷಯ. ಯಾರು ಮೇದರು ಎಂದು ತಿಳಿಯಲು ಎಲೆಯ ತುದಿ ನೋಡಿ. ಗಿಳಿಮೀನು ಕಚ್ಚಿದರೆ ಎಲೆಯ ಅಂಚಿನಲ್ಲಿ ಅರ್ಧಚಂದ್ರದ ಗುರುತು ಬೀಳುತ್ತದೆ. ಆಮೆ ಕತ್ತರಿಸಿದರೆ ಎಲೆ ಅಡ್ಡಕ್ಕೆ ತುಂಡಾಗಿರುತ್ತದೆ. ಕಡಲ ಮುಳ್ಳುಚೆಂಡು ತಿಂದದ್ದು ಹರಕು ಹರಕು. ಅರ್ಧ ಮಿಲಿಮೀಟರ್ ಪಿಕ್ಸೆಲ್ ಇದ್ದರೂ ಮೇಲಿಂದ ತೆಗೆದ ಫೋಟೋದಲ್ಲಿ ಇದು ಸರಿಯಾಗಿ ಸಿಗುವುದಿಲ್ಲ, ಎಲೆ ಓರೆಯಾಗಿರುತ್ತದೆ. ಒಬ್ಬರು ಪ್ಲಾಟಿನ ಹೊರಗೆ ಕೆಲವು ಎಲೆಗಳನ್ನು ಬೆರಳಲ್ಲಿ ಬಿಡಿಸಿ ಬಿಳಿ ಸ್ಲೇಟಿನ ಮೇಲೆ ಇಟ್ಟು ಹತ್ತಿರದಿಂದ ಫೋಟೋ ತೆಗೆಯಲಿ. ಕೀಳಬೇಕಾಗಿಲ್ಲ.

ನೇತ್ರಾಣಿ_ನೀಲಿ:
ನಾನು ಮುರ್ಡೇಶ್ವರದ ಕಡೆಯವನು, ನೇತ್ರಾಣಿಯಲ್ಲಿ ಡೈವ್ ಮಾಡುತ್ತೇನೆ, ನೀರಿನೊಳಗೆ ಫೋಟೋ ತೆಗೆಯುವ ಅಭ್ಯಾಸ ಇದೆ. ಲಕ್ಷದ್ವೀಪದಲ್ಲೂ ಲಗೂನಿನಲ್ಲಿ ಈಜಿದ್ದೇನೆ. ಕ್ಯಾಮೆರಾ ಹಿಡಿಯುವ ವಿಷಯ ಸ್ವಲ್ಪ ಹೇಳುತ್ತೇನೆ.

ಮೊದಲನೆಯದು ಬಿಸಿಲು. ಎರಡು ಮೀಟರ್ ನೀರಿನಲ್ಲಿ ಮಧ್ಯಾಹ್ನ ತಳ ನೋಡಿ, ಬೆಳಕಿನ ಬಲೆ ಮರಳಿನ ಮೇಲೆ ಓಡುತ್ತಿರುತ್ತದೆ. ನೋಡಲಿಕ್ಕೆ ಬಹಳ ಚಂದ. ಫೋಟೋ ಜೋಡಣೆಗೆ ಅದೇ ದೊಡ್ಡ ಶತ್ರು. ಆ ಗೆರೆಗಳನ್ನೇ ಸಾಫ್ಟ್‌ವೇರ್ ತಳದ ಗುರುತು ಅಂದುಕೊಳ್ಳುತ್ತದೆ, ಮುಂದಿನ ಫೋಟೋದಲ್ಲಿ ಅವು ಬೇರೆ ಕಡೆ ಇರುತ್ತವೆ. ಬೆಳಿಗ್ಗೆ ಬೇಗ ಹೋಗಿ. ಮೋಡ ಕವಿದ ದಿನ ಸಿಕ್ಕರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಗಾಳಿಯೂ ಕಡಿಮೆ, ಎಲೆಯ ಓಲಾಟವೂ ಕಡಿಮೆ.

ಎರಡನೆಯದು ಶಟರ್. ಸೆಕೆಂಡಿನ ಐನೂರನೇ ಒಂದು ಭಾಗಕ್ಕಿಂತ ನಿಧಾನ ಇಡಬೇಡಿ. ಬೆಳಗಿನ ಬೆಳಕಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಸ್ವಲ್ಪ ಏರಿಸಬೇಕಾಗುತ್ತದೆ, ಏರಿಸಿ. ಸ್ವಲ್ಪ ಕಾಳು ಕಾಳಾದ ಫೋಟೋ ನಡೆಯುತ್ತದೆ, ಅಲ್ಲಾಡಿದ ಫೋಟೋ ನಡೆಯುವುದಿಲ್ಲ. ವೀಡಿಯೊ ಮಾಡಿ ಅದರಿಂದ ಚಿತ್ರ ತೆಗೆಯುವುದು ಬೇಡ, ಸೀದಾ ಫೋಟೋ ತೆಗೆಯಿರಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೋದಲ್ಲಿ ಬಿಡಬೇಡಿ, ಒಂದಕ್ಕೆ ಕಟ್ಟಿಹಾಕಿ. ಕೆಂಪು ಬಣ್ಣ ನೀರಿನಲ್ಲಿ ಮೊದಲು ಹೋಗುತ್ತದೆ. ಒಂದೊಂದು ಫೋಟೋಕ್ಕೆ ಒಂದೊಂದು ಥರ ಬಣ್ಣ ಬಂದರೆ ಆಮೇಲೆ ಹುಲ್ಲನ್ನೂ ಪಾಚಿಯನ್ನೂ ಬೇರೆ ಮಾಡಲಿಕ್ಕೆ ಆಗುವುದಿಲ್ಲ. ಬೂದು ಬಣ್ಣದ ಒಂದು ಕಾರ್ಡ್ ಪ್ಲಾಟಿನ ಮೂಲೆಯಲ್ಲಿ ಇಟ್ಟರೆ ಸಾಕು.

ಮೂರನೆಯದು ಫಿನ್, ಅಂದರೆ ಈಜಲು ಕಾಲಿಗೆ ಹಾಕುವ ರೆಕ್ಕೆ. ಆಳವಿಲ್ಲದ ನೀರಿನಲ್ಲಿ ಜೋರಾಗಿ ಕಾಲು ಬಡಿದರೆ ಮರಳು ಏಳುತ್ತದೆ. ಮುಂದಿನ ಸಾಲು ಪೂರ್ತಿ ಹೊಗೆ. ಪಾದದಿಂದ ಮಾತ್ರ ಮೆಲ್ಲಗೆ.

ನಕ್ಷೆಗಾರ:
ಇದಕ್ಕೆ ನನ್ನದೊಂದು ಸೇರಿಸುತ್ತೇನೆ. ನಿಮ್ಮ ಹತ್ತಿರ ಎರಡು ಗೋಪ್ರೋ ಇವೆಯಲ್ಲ, ಒಂದು ಪಿವಿಸಿ ಪೈಪಿಗೆ 60 ಸೆಂಟಿಮೀಟರ್ ದೂರದಲ್ಲಿ ಎರಡನ್ನೂ ತಳ ನೋಡುವಂತೆ ಕಟ್ಟಿ. ಒಂದೇ ಸಲ ಈಜಿದರೆ ಎರಡು ಸಾಲು ಆಗುತ್ತದೆ, ಅರ್ಧ ಸಮಯ ಉಳಿಯಿತು. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಪಕ್ಕದ ಸಾಲಿಗೆ ಸ್ವಲ್ಪ ಹೊತ್ತು ಬಿಟ್ಟು ಬಂದರೆ ಎಲೆ ಬೇರೆ ಕಡೆ ಬಾಗಿರುತ್ತದೆ. ಎರಡು ಕ್ಯಾಮೆರಾ ಹೆಚ್ಚುಕಡಿಮೆ ಒಟ್ಟಿಗೆ ಕ್ಲಿಕ್ ಆದರೆ ಎಲೆಯೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಪೂರ್ತಿ ಒಂದೇ ಕ್ಷಣಕ್ಕೆ ಆಗುವುದಿಲ್ಲ, ಆದರೂ ವ್ಯತ್ಯಾಸ ಕಾಣುತ್ತದೆ.

ಅಡ್ಡ ಸುತ್ತು ಯಾಕೆ ಎಂದು ಹೇಳುತ್ತೇನೆ ಅಂದಿದ್ದೆ. ನೇರ ಕೆಳಗೆ ನೋಡುತ್ತಾ ಒಂದೇ ದಿಕ್ಕಿನ ಸಾಲಿನಲ್ಲಿ ತೆಗೆದರೆ ಚಪ್ಪಟೆ ತಳವೂ ಮಾದರಿಯಲ್ಲಿ ಬಾಣಲೆಯಂತೆ ಬಗ್ಗಿಕೊಳ್ಳುತ್ತದೆ. ಲೆನ್ಸಿನ ವಕ್ರತೆಯನ್ನು ಸಾಫ್ಟ್‌ವೇರ್ ತಪ್ಪಾಗಿ ಅಂದಾಜು ಮಾಡುವುದರಿಂದ ಹೀಗಾಗುತ್ತದೆ. ನೀರು ಮತ್ತು ಕ್ಯಾಮೆರಾ ಮುಂದಿನ ಗಾಜಿನ ನಡುವೆ ಬೆಳಕು ಬಾಗುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಅಡ್ಡಕ್ಕೆ ಇನ್ನೊಂದು ಸುತ್ತು, ಅಂಚಿನಲ್ಲಿ ಕ್ಯಾಮೆರಾ ಸ್ವಲ್ಪ ಓರೆ ಮಾಡಿ ಕೆಲವು ಫೋಟೋ, ಇಷ್ಟು ಮಾಡಿದರೆ ಬಹುಪಾಲು ಸರಿಹೋಗುತ್ತದೆ.

ಅಳತೆಗೆ 50 ಸೆಂಟಿಮೀಟರಿನ ಸ್ಕೇಲ್ ಬಾರ್ ಮಾಡಿಕೊಳ್ಳಿ. ಅಲ್ಯೂಮಿನಿಯಂ ಪಟ್ಟಿಯ ಎರಡು ತುದಿಗೆ ಗುರುತು ಅಂಟಿಸಿದರೆ ಆಯಿತು. ನಾಲ್ಕು ಇಡಿ. ಮೂರನ್ನು ಅಳತೆ ಕೊಡಲಿಕ್ಕೆ ಬಳಸಿ, ನಾಲ್ಕನೆಯದನ್ನು ಸಾಫ್ಟ್‌ವೇರಿಗೆ ಹೇಳಬೇಡಿ. ಮಾದರಿಯಲ್ಲಿ ಅದರ ಉದ್ದ ಎಷ್ಟು ಬಂತು ಎಂದು ನೋಡಿದರೆ ನಿಮ್ಮ ತಪ್ಪು ಎಷ್ಟು ಎಂದು ಪ್ರಾಮಾಣಿಕವಾಗಿ ಗೊತ್ತಾಗುತ್ತದೆ.

ಕೋಡ್_ಕೊಡಗು:
ಜಿಪಿಎಸ್ ನೀರಿನೊಳಗೆ ಸಿಗುವುದಿಲ್ಲ ಅಲ್ವಾ? ಹಾಗಾದರೆ ಮುಂದಿನ ವರ್ಷ ಅದೇ ಜಾಗ ಎಂದು ಹೇಗೆ ಖಾತ್ರಿ?

ನಕ್ಷೆಗಾರ:
ಜಿಪಿಎಸ್‌ನ ರೇಡಿಯೊ ತರಂಗ ಉಪ್ಪುನೀರಿನಲ್ಲಿ ಮೇಲ್ಮೈ ದಾಟಿ ಇಳಿಯುವುದೇ ಇಲ್ಲ. ಪ್ಲಾಟಿನ ಮೂಲೆಗೆ ತೇಲುವ ಬುರುಡೆ (ಬೋಯ್) ಕಟ್ಟಿ, ಹಗ್ಗ ನೆಟ್ಟಗಾದಾಗ ಮೇಲಿಂದ ಜಿಪಿಎಸ್ ತೆಗೆದುಕೊಳ್ಳಬೇಕು. ಅದು ಪ್ಲಾಟಿನ ಹತ್ತಿರಕ್ಕೆ ಕರೆದೊಯ್ಯುತ್ತದೆ, ಅಷ್ಟೆ. ಸೆಂಟಿಮೀಟರ್ ಮಟ್ಟಕ್ಕೆ ಎರಡು ವರ್ಷದ ಚಿತ್ರ ಕೂರಿಸಲು ತಳದಲ್ಲೇ ಕದಲದ ಗುರುತು ಬೇಕು. ಸಾಮಾನ್ಯವಾಗಿ ಕಬ್ಬಿಣದ ಸರಳು ಹೊಡೆಯುತ್ತಾರೆ.

ಬಂದರಿನವ:
ಸರಳು ಹೊಡೆಯುವ ಮೊದಲು ಅಲ್ಲಿನವರನ್ನು ಕೇಳಿ. ಲಗೂನಿನಲ್ಲಿ ಎಳೆಬಲೆ ಎಳೆಯುವ ಜಾಗ ಇರುತ್ತದೆ, ದೋಣಿ ಬರುವ ದಾರಿ ಇರುತ್ತದೆ. ನಿಮ್ಮ ಸರಳಿಗೆ ಬಲೆ ಸಿಕ್ಕಿದರೆ ಮತ್ತೆ ಯಾರೂ ನಿಮ್ಮನ್ನು ಕರೆಯುವುದಿಲ್ಲ. ಮಕ್ಕಳೂ ಅಲ್ಲಿ ಈಜುತ್ತಾರೆ.

ಹಸಿರುನೀರು:
ಹೌದು, ಅರಣ್ಯ ಮತ್ತು ಪರಿಸರ ಇಲಾಖೆಯ ಅನುಮತಿಯಲ್ಲೂ ಸರಳಿನ ವಿಷಯ ಬರೆದಿರಬೇಕು. ಹೊಡೆದರೆ ಮರಳಿನಿಂದ ಮೇಲಕ್ಕೆ ಒಂದು ಗೇಣು ಕೂಡ ಬೇಡ. ತುದಿಗೆ ಪ್ಲಾಸ್ಟಿಕ್ ಟೋಪಿ. ಹತ್ತಿರದಲ್ಲಿ ಸತ್ತ ಹವಳದ ದೊಡ್ಡ ಬಂಡೆ ಇದ್ದರೆ ಅದೇ ಒಳ್ಳೆಯ ಗುರುತು, ಏನೂ ಹೊಡೆಯಬೇಕಾಗಿಲ್ಲ. ಪ್ಲಾಟ್ ಆರಿಸುವಾಗಲೇ ಅಂಥ ಎರಡು ಮೂರು ಬಂಡೆ ಚಿತ್ರದೊಳಗೆ ಬರುವ ಹಾಗೆ ನೋಡಿಕೊಳ್ಳಿ. ಮಳೆಗಾಲದ ಅಲೆಗೆ ಮರಳು ಸರಿಯುತ್ತದೆ, ಸರಳು ಹೂತುಹೋಗಬಹುದು. ಬಂಡೆ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಮಾರ್ಸೇ_ಮಂಜು:
ತಡವಾಗಿ ಬಂದೆ. ನಾನು ದಕ್ಷಿಣ ಫ್ರಾನ್ಸಿನಲ್ಲಿದ್ದೇನೆ, ಇಲ್ಲಿ ಈ ಕೆಲಸ ಜೋರಾಗಿ ನಡೆಯುತ್ತದೆ. ಮೆಡಿಟರೇನಿಯನ್ ಕಡಲಿನ ಪೊಸಿಡೋನಿಯಾ ಓಷಿಯಾನಿಕಾ ಎಂಬ ಹುಲ್ಲು. ತಿಳಿನೀರಿನಲ್ಲಿ 40 ಮೀಟರ್ ಆಳದವರೆಗೂ ಬೆಳೆಯುತ್ತದೆ. ಅದು ಹಬ್ಬುವುದು ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಸತ್ತ ಬೇರುಗಳು ಪದರ ಪದರವಾಗಿ ಮೀಟರುಗಟ್ಟಲೆ ದಪ್ಪಕ್ಕೆ ಕೂಡಿರುತ್ತವೆ. ಸ್ಪೇನಿನ ಫೊರ್ಮೆಂಟೆರಾ ಹತ್ತಿರ ಕಿಲೋಮೀಟರುಗಟ್ಟಲೆ ಹಬ್ಬಿದ ಹುಲ್ಲು ಒಂದೇ ಗಿಡ ಎಂದು ಜೀನ್ ಪರೀಕ್ಷೆಯಿಂದ ಗೊತ್ತಾಗಿದೆ. ದೊಡ್ಡ ವಿಹಾರ ನೌಕೆಯ ಲಂಗರು ಒಂದು ಸಲ ಕಿತ್ತರೆ ಆ ಗಾಯ ಮುಚ್ಚಲು ತಲೆಮಾರುಗಳೇ ಬೇಕು. ಅದಕ್ಕೇ ಇಲ್ಲಿ 24 ಮೀಟರಿಗಿಂತ ಉದ್ದದ ನೌಕೆಗಳು ಈ ಹುಲ್ಲಿನ ಮೇಲೆ ಲಂಗರು ಹಾಕದಂತೆ ನಿಯಮ ತಂದಿದ್ದಾರೆ.

ಫೋಟೋಗ್ರಾಮೆಟ್ರಿ ಇಲ್ಲಿ ಹೊಂದುವುದು ಅದಕ್ಕೇ. ಬದಲಾವಣೆ ಸಣ್ಣದು, ಅಳತೆ ಅಷ್ಟೇ ಸೂಕ್ಷ್ಮ ಬೇಕು. 2020ರಲ್ಲಿ ಫ್ರೆಂಚ್ ತಂಡವೊಂದು ಇಂಥ ಮಾದರಿಗಳಿಂದ ಜೀವಂತ ಪೊಸಿಡೋನಿಯಾವನ್ನು ಕಂಪ್ಯೂಟರೇ ಗುರುತಿಸಿ ನಕ್ಷೆ ಮಾಡುವ ವಿಧಾನ ಪ್ರಕಟಿಸಿತು. ಸಾಧ್ಯವಾದರೆ ಹುಡುಕಿ ಓದಿ.

ಹಸಿರುನೀರು:
ಮಂಜು ಸಾರ್ ಹೇಳಿದ್ದು ಸರಿ. ಆದರೆ ಅಲ್ಲಿನ ವೇಳಾಪಟ್ಟಿಯನ್ನು ಇಲ್ಲಿಗೆ ತರಬಾರದು. ಅಲ್ಲಿ ಮೂರು ವರ್ಷಕ್ಕೊಮ್ಮೆ ಹೋದರೂ ಕತೆ ತಪ್ಪುವುದಿಲ್ಲ. ನಮ್ಮ ಸೈಮೋಡೋಸಿಯಾ ಬೇಗ ಹಬ್ಬುವ ಹುಲ್ಲು. ಅನುಕೂಲ ಸಿಕ್ಕರೆ ವರ್ಷಕ್ಕೆ ಮೀಟರಿನ ಲೆಕ್ಕದಲ್ಲಿ ಮುಂದೆ ಬರುತ್ತದೆ. ಆಮೆ ಮೇಯುವುದೂ ಅಷ್ಟೇ ಬೇಗ. ವರ್ಷಕ್ಕೆ ಒಮ್ಮೆ ಮಾತ್ರ ಹೋದರೆ ನಡುವೆ ಹುಲ್ಲು ಬಂದು ಹೋದದ್ದೂ ನಿಮಗೆ ಗೊತ್ತಾಗುವುದಿಲ್ಲ. ಮಳೆಗಾಲ ಮುಗಿದ ಕೂಡಲೇ ಒಂದು ಸಲ, ಮಳೆಗಾಲ ಶುರುವಾಗುವ ಮುಂಚೆ ಒಂದು ಸಲ, ಕನಿಷ್ಠ ಇಷ್ಟು ಬೇಕು. ಆಮೆ ಬಾರದಂತೆ ಸಣ್ಣ ಪಂಜರ ಇಟ್ಟು ಒಳಗೂ ಹೊರಗೂ ಹೋಲಿಸುವುದು ಈ ಕ್ಷೇತ್ರದ ಹಳೆಯ, ಗಟ್ಟಿ ವಿಧಾನ. ಅದಕ್ಕೂ ಅನುಮತಿ ಬೇಕು. ಸಿಕ್ಕರೆ ಆ ಪಂಜರದ ಸುತ್ತಲೇ ನಿಮ್ಮ ಪ್ಲಾಟ್ ಹಾಕಿ.

ಬ್ಲೂ_ಬೆಂಗಳೂರು:
ಈ ನಕ್ಷೆಯಿಂದ ಬ್ಲೂ ಕಾರ್ಬನ್ (ಕಡಲ ಗಿಡಗಳು ಹಿಡಿದಿಡುವ ಇಂಗಾಲ) ಲೆಕ್ಕ ಹಾಕಿ, ಆ ಇಂಗಾಲಕ್ಕೆ ದುಡ್ಡು ಕೊಡುವ ಕಾರ್ಬನ್ ಕ್ರೆಡಿಟ್ ಮಾಡಬಹುದಲ್ವಾ? ದ್ವೀಪದವರಿಗೂ ದುಡ್ಡು ಬರುತ್ತದೆ.

ಹಸಿರುನೀರು:
ಕಡಲ ಹುಲ್ಲಿನ ಇಂಗಾಲದ ಬಹುಪಾಲು ಇರುವುದು ಎಲೆಯಲ್ಲಲ್ಲ, ಕೆಳಗಿನ ಮಣ್ಣಿನಲ್ಲಿ. ಅದಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆದು ಪರೀಕ್ಷೆ ಮಾಡಬೇಕು. ಫೋಟೋ ಮಣ್ಣಿನೊಳಗೆ ನೋಡುವುದಿಲ್ಲ. ಎಷ್ಟು ಜಾಗದಲ್ಲಿ ಹುಲ್ಲಿದೆ ಎಂದು ಮಾತ್ರ ಹೇಳುತ್ತದೆ. ದ್ವೀಪದವರಿಗೆ ಹುಲ್ಲಿನಿಂದ ಮೊದಲು ಬರಬೇಕಾದದ್ದು ಮೀನು.

ಕಡಲೂರು_ಕಾವ್ಯ:
ಪಾಕ್ ಕೊಲ್ಲಿಯಲ್ಲೂ ಇದೇ ಮಾಡಬಹುದಾ? ನಮ್ಮ ದೇಶದಲ್ಲಿ ಹುಲ್ಲು ಜಾಸ್ತಿ ಇರುವುದು ಅಲ್ಲೇ ಎಂದು ಕೇಳಿದ್ದೇನೆ.

ಹಸಿರುನೀರು:
ನಿಜ. ದೇಶದ ಒಟ್ಟು ಸುಮಾರು 516 ಚದರ ಕಿಲೋಮೀಟರ್ ಕಡಲ ಹುಲ್ಲಿನಲ್ಲಿ ಬಹುಪಾಲು ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಯಲ್ಲಿದೆ. 2022ರಲ್ಲಿ ತಮಿಳುನಾಡು ಸರ್ಕಾರ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಕಡಲ ಹುಲ್ಲು ಮೇಯುವ ಕಡಲಹಸುವಿಗಾಗಿ (ಡ್ಯುಗಾಂಗ್) ಮೀಸಲಿಟ್ಟಿತು. ಅಲ್ಲಿನ ಹುಲ್ಲಿಗೆ ಆಮೆಗಿಂತ ಟ್ರಾಲ್ ಬಲೆಯ ಹೊಡೆತ ದೊಡ್ಡದು. ಆದರೆ ನೀರು ಕದಡಿರುತ್ತದೆ. ಕ್ಯಾಮೆರಾ ತಳಕ್ಕೆ ಬಹಳ ಹತ್ತಿರ ಇರಬೇಕು, ಸಾಲು ಜಾಸ್ತಿ, ಪ್ಲಾಟ್ ಸಣ್ಣದು. ಅಲ್ಲಿ ಬಿದಿರಿನ ಚೌಕಟ್ಟಿಗೆ ತೆಂಗಿನ ನಾರಿನ ಹಗ್ಗ ಕಟ್ಟಿ ಹುಲ್ಲು ನೆಡುವ ಕೆಲಸ ನಡೆದಿದೆ. ಅಂಥ ಚೌಕಟ್ಟುಗಳನ್ನು ಒಂದೊಂದಾಗಿ ಗಮನಿಸಲು ಈ ವಿಧಾನ ಚೆನ್ನಾಗಿ ಹೊಂದುತ್ತದೆ.

ಕೋಡ್_ಕೊಡಗು:
ಸಾಫ್ಟ್‌ವೇರ್ ಬಗ್ಗೆ ಯಾರೂ ಹೇಳಲಿಲ್ಲ, ಅದು ನನ್ನ ಕ್ಷೇತ್ರ. ಮೆಟಾಶೇಪ್ ಜನಪ್ರಿಯ, ಆದರೆ ಅದರ ಅಗ್ಗದ ಆವೃತ್ತಿಯಲ್ಲಿ ಸ್ಕೇಲ್ ಬಾರ್ ಗುರುತು, ಆರ್ಥೋಮೊಸಾಯಿಕ್ (ಫೋಟೋಗಳೆಲ್ಲ ಕೂಡಿ ಆಗುವ, ಅಳತೆಗೆ ಸರಿಯಾದ ಒಂದೇ ದೊಡ್ಡ ಚಿತ್ರ) ಎರಡೂ ಇಲ್ಲ. ನಿಮಗೆ ಬೇಕಾದದ್ದೇ ಅವು. ಉಚಿತದಲ್ಲಿ ವೆಬ್‌ಒಡಿಎಂ ಇದೆ, ಕೋಲ್‌ಮ್ಯಾಪ್ ಇದೆ. ಕೋಲ್‌ಮ್ಯಾಪಿನಲ್ಲಿ ದಟ್ಟ ಮಾದರಿ ಮಾಡಲು ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು. ಎರಡು ವರ್ಷದ ಮಾದರಿ ಹೋಲಿಸಲು ಕ್ಲೌಡ್‌ಕಂಪೇರ್, ನಕ್ಷೆಗೆ ಕ್ಯೂಜಿಐಎಸ್, ಎರಡೂ ಉಚಿತ. ಹುಲ್ಲಿನ ಗಡಿ ಬರೆಯಲು ಇಟಲಿಯವರ ಟ್ಯಾಗ್‌ಲ್ಯಾಬ್ ನೋಡಿ, ಹವಳಕ್ಕಾಗಿ ಮಾಡಿದ್ದು, ಹುಲ್ಲಿಗೂ ಬಳಸಬಹುದು.

ಎಐ ಗುರುತಿಸಿದ್ದನ್ನು ಹಾಗೇ ನಂಬಬೇಡಿ. ಹುಲ್ಲಿನ ಮೇಲೆ ಪಾಚಿ ಕೂತಿದ್ದರೆ ಅದು ತಪ್ಪುತ್ತದೆ. ಕಲಿಸಲು ಬಳಸಿದ ಪ್ಲಾಟಿನಲ್ಲೇ ಪರೀಕ್ಷೆ ಮಾಡಬೇಡಿ, ಬೇರೆ ಪ್ಲಾಟ್ ಇಟ್ಟುಕೊಳ್ಳಿ.

ಹಸಿರುನೀರು:
ಪರೀಕ್ಷೆಗೆ ಹಳೆಯ ಚೌಕದ ವಿಧಾನವನ್ನೂ ಬಿಡಬೇಡಿ. ಸೀಗ್ರಾಸ್-ವಾಚ್ ಎಂಬ ಪದ್ಧತಿ ಇದೆ. 50 ಮೀಟರಿನ ಮೂರು ಟೇಪ್, 25 ಮೀಟರ್ ಅಂತರದಲ್ಲಿ. ಐದೈದು ಮೀಟರಿಗೆ ಅರ್ಧ ಮೀಟರಿನ ಚೌಕ ಇಟ್ಟು ಎಷ್ಟು ಶೇಕಡ ಹುಲ್ಲು, ಯಾವ ಜಾತಿ, ಎಷ್ಟು ಎತ್ತರ ಎಂದು ಬರೆಯುವುದು. ಒಟ್ಟು 33 ಚೌಕ. ಕ್ಯಾಮೆರಾ ಕೆಟ್ಟರೂ ಇದು ಕೆಡುವುದಿಲ್ಲ. ಬೇರೆ ದೇಶದ ಅಂಕಿಗಳ ಜೊತೆ ಹೋಲಿಸಲೂ ಬರುತ್ತದೆ.

ಮಂಗಳೂರು_ಅಲೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಂಡದ ಜೊತೆ ಕೂತು ಯೋಜನೆ ಬದಲಾಯಿಸಿದೆವು. ಇಡೀ ಲಗೂನಿಗೆ ಸೆಂಟಿನೆಲ್ ಚಿತ್ರ. ಒಂದೇ ಥರದ ಹುಲ್ಲಿನ ನಡುವೆ ಕೆಲವು ಪ್ಲಾಟ್, ಅಂಚಿನ ಮೇಲೆ ಕೆಲವು. ಪ್ರತಿ ಪ್ಲಾಟಿನ ಪಕ್ಕ ಚೌಕ ಮತ್ತು ಸ್ಕೇಲ್. ಬೆಳಿಗ್ಗೆ ಮಾತ್ರ ಫೋಟೋ. ಸರಳು ಬೇಡ, ಬಂಡೆಗಳನ್ನೇ ಗುರುತು ಮಾಡಿಕೊಳ್ಳುತ್ತೇವೆ. ಬಂದರಿನವರೇ, ಜಾಗ ಆರಿಸುವ ಮೊದಲು ಬಲೆ ಹಾಕುವವರ ಜೊತೆ ಕೂರಬೇಕು ಎಂದು ಎಲ್ಲರೂ ಒಪ್ಪಿದ್ದೇವೆ. ನಿಮಗೆ ಅಲ್ಲಿ ಪರಿಚಯದವರು ಇದ್ದರೆ ಹೇಳುತ್ತೀರಾ?

ಬಂದರಿನವ:
ಇದ್ದಾರೆ, ಹೇಳುತ್ತೇನೆ. ಇಲ್ಲಿ ಹೆಸರು ಬರೆಯುವುದಿಲ್ಲ, ಬಂದರಿಗೆ ಬನ್ನಿ. ಹುಲ್ಲು ಮೊದಲು ಎಲ್ಲಿಯವರೆಗೆ ಇತ್ತು ಎಂದು ಅಲ್ಲಿನ ಹಿರಿಯರನ್ನೇ ಕೇಳಿ. ದೋಣಿಯಲ್ಲಿ ಕರೆದುಕೊಂಡು ಹೋಗಿ ಬೆರಳು ತೋರಿಸಿ ಹೇಳುತ್ತಾರೆ.

ನಕ್ಷೆಗಾರ:
ಆ ಜಾಗಗಳ ಜಿಪಿಎಸ್ ದೋಣಿಯಲ್ಲೇ ಬರೆದುಕೊಳ್ಳಿ. ಈಗ ಬರೀ ಮರಳಿದ್ದರೂ ಅಲ್ಲೊಂದು ಪ್ಲಾಟ್ ಹಾಕಿ, ಹುಲ್ಲು ಮರಳಿ ಬಂದರೆ ಮೊದಲ ದಿನದಿಂದ ದಾಖಲೆ ಇರುತ್ತದೆ. ಇನ್ನೊಂದು, ಮಾದರಿ ಆದ ಮೇಲೆ ಮೂಲ ಫೋಟೋ ಅಳಿಸಬೇಡಿ. ಎರಡು ಡಿಸ್ಕಿನಲ್ಲಿ ಇಡಿ, ಒಂದು ಮಂಗಳೂರಿನಲ್ಲಿ, ಒಂದು ದ್ವೀಪದಲ್ಲಿ. ಐದು ವರ್ಷ ಬಿಟ್ಟು ಒಳ್ಳೆಯ ಸಾಫ್ಟ್‌ವೇರ್ ಬಂದಾಗ ಈಗ ಕೂಡದ ಹುಲ್ಲು ಆಗ ಕೂಡಬಹುದು. ಫೋಲ್ಡರ್ ಹೆಸರಿನಲ್ಲಿ ದ್ವೀಪ, ಪ್ಲಾಟ್, ದಿನಾಂಕ ಇರಲಿ. ನೀರಿನ ಆಳ, ಭರತ ಇಳಿತದ ಹೊತ್ತು, ಗಾಳಿ ಹೇಗಿತ್ತು ಎಂದು ಅದರೊಳಗೆ ಒಂದು ಸಣ್ಣ ಟೆಕ್ಸ್ಟ್ ಫೈಲ್ ಹಾಕಿಡಿ.